ತಟ್ಟೆಯಲ್ಲಿ ಬಚ್ಚಿಟ್ಟ ಮಾತ್ರೆ

"ಅವನಿಗೆ ಗೊತ್ತಾಗದ ಹಾಗೆ ಕೊಡೋಕೆ ಏನಾದ್ರೂ ಔಷಧ ಇದ್ಯಾ ಮೇಡಂ?"

ಆಪ್ತಸಲಹೆಗೆ ಬರುವ ಮನೆಯವರ ಬಾಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರು ಕೆಟ್ಟವರಲ್ಲ. ಮಗನೋ, ಮಗಳೋ, ಗಂಡನೋ ಮಾನಸಿಕ ಕಾಯಿಲೆಯಿಂದ ಕಣ್ಣೆದುರಿಗೇ ಬೇರೆ ಮನುಷ್ಯರಾಗುತ್ತಿರುವುದನ್ನು ನೋಡಿ ಸೋತು ಹೋದವರು. ಮಾತ್ರೆ ಕೊಟ್ಟರೆ ಉಗಿಯುತ್ತಾರೆ. ಆಸ್ಪತ್ರೆ ಅಂದರೆ ಮನೆ ಬಿಟ್ಟು ಹೋಗ್ತೀನಿ ಅಂತಾರೆ. ಆಗ ಯಾರೋ ಒಬ್ಬರು ದಾರಿ ತೋರಿಸುತ್ತಾರೆ: ಪುಡಿ ಮಾಡಿ ಸಾರಿಗೆ ಹಾಕಿ, ಹನಿ ಔಷಧ ಸಿಗುತ್ತೆ, ಮಜ್ಜಿಗೆಗೆ ಬೆರೆಸಿ.

ಹಾಗೆ ಮಾಡಬೇಡಿ ಅಂತ ನಾನು ಹೇಳುತ್ತೇನೆ. ಇದಕ್ಕೆ ಕೆಲವು ಮನೆಯವರು ನನ್ನ ಮೇಲೆ ಸಿಟ್ಟಾಗಿದ್ದಾರೆ. ಇದೇ ಕ್ಷೇತ್ರದಲ್ಲಿರುವ ಕೆಲವರೂ "ನಿಮಗೆ ಹೇಳೋದು ಸುಲಭ" ಅಂದಿದ್ದಾರೆ. ಯಾಕೆ ಹೇಳುತ್ತೇನೆ ಅನ್ನುವುದನ್ನು ಒಂದು ಪ್ರಕರಣ ಇಟ್ಟುಕೊಂಡೇ ವಿವರಿಸುತ್ತೇನೆ. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ತಾಯಿ, ಮಗ ಇಬ್ಬರೂ ಬರೆಯಿರಿ ಅಂದ ಮೇಲೆಯೇ ಬರೆಯುತ್ತಿದ್ದೇನೆ.

ರಘು ಅನ್ನೋಣ. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರದವನು, ಮೂವತ್ತರ ಆಸುಪಾಸು. ಐಟಿಐ ಮುಗಿಸಿ ಕೆಲಸಕ್ಕೆ ಸೇರಿದ್ದ. ಜೊತೆಯಲ್ಲಿ ಕೆಲಸ ಮಾಡುವವರು ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನಿಸತೊಡಗಿತು, ಕಿವಿಯಲ್ಲಿ ಮಾತು ಕೇಳಿಸತೊಡಗಿತು, ಕೆಲಸ ಬಿಟ್ಟ. ತಂದೆ ಇಲ್ಲ. ಅಕ್ಕ ಮದುವೆಯಾಗಿ ಹತ್ತಿರದ ಊರಲ್ಲೇ ಇದ್ದಾಳೆ. ತಾಯಿ ಜಯಮ್ಮ ಒಂದು ಸಲ ಹೇಗೋ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದರು. ಸ್ಕಿಜೋಫ್ರೇನಿಯಾ ಅಂದರು, ಇಲ್ಲದ ದನಿ ಕೇಳಿಸುವ, ಇಲ್ಲದ ಸಂಚು ಇದೆ ಅನ್ನಿಸುವ ಮಾನಸಿಕ ಕಾಯಿಲೆ. ರಘು ಮತ್ತೆ ಹೋಗಲಿಲ್ಲ. ಆಮೇಲೆ ಜಯಮ್ಮ ಒಬ್ಬರೇ ಹೋಗಿ ಚೀಟಿ ಬರೆಸಿಕೊಂಡು ಬರುತ್ತಿದ್ದರು. ಮಾತ್ರೆಯನ್ನು ಲಟ್ಟಣಿಗೆಯಲ್ಲಿ ಅರೆದು ಬಸ್ಸಾರಿಗೆ ಹಾಕುತ್ತಿದ್ದರು. ಬರುಬರುತ್ತಾ ಹನಿ ಔಷಧಕ್ಕೆ ಬದಲಾಯಿಸಿಕೊಂಡರು.

ಮೊದಲು ಗುಣ ಕಂಡಿತು. ಅದನ್ನು ಮುಚ್ಚಿಡುವುದಿಲ್ಲ. ರಾತ್ರಿ ಓಡಾಟ ನಿಂತಿತು, ಬೈಗುಳ ಕಮ್ಮಿಯಾಯಿತು. ಜಯಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಕೆಲವು ತಿಂಗಳಲ್ಲಿ ರಘುಗೆ ಬಾಯಲ್ಲಿ ಜೊಲ್ಲು ಜಾಸ್ತಿಯಾಯಿತು, ಕೈ ನಡುಗತೊಡಗಿತು, ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಈ ಔಷಧಗಳಿಂದ ಇಂಥ ಅಡ್ಡಪರಿಣಾಮ ಆಗಬಹುದು. ಡೋಸ್ ಕಡಿಮೆ ಮಾಡಿದರೆ, ಔಷಧ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತೆ. ಆದರೆ ಔಷಧ ತಗೊಳ್ತಿದ್ದೇನೆ ಅಂತಲೇ ಗೊತ್ತಿಲ್ಲದವನು ಡಾಕ್ಟರ ಹತ್ತಿರ ಹೋಗಿ ಏನು ಹೇಳಿಯಾನು? ಅವನು ತನಗೆ ತಿಳಿದಷ್ಟು ಲೆಕ್ಕ ಹಾಕಿದ. ಊಟ ಮಾಡಿದ ಮೇಲೆ ಹೀಗಾಗುತ್ತಿದೆ, ಹಾಗಾದರೆ ಊಟದಲ್ಲಿ ಏನೋ ಇದೆ.

ಲೆಕ್ಕ ಸರಿಯಾಗೇ ಇತ್ತು ಅಲ್ವಾ?

ನನ್ನ ಹತ್ತಿರ ಬಂದಾಗ ಅವನು ತುಂಬಾ ಸೊರಗಿದ್ದ. ನಿದ್ದೆ ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಅಕ್ಕ ಒಪ್ಪಿಸಿ ಕರೆತಂದಿದ್ದಳು. ಏನು ತಿನ್ತೀರಿ ಅಂತ ಕೇಳಿದೆ. ಬಾಳೆಹಣ್ಣು, ತಾನೇ ಸುಲಿದದ್ದು. ಬೇಯಿಸಿದ ಮೊಟ್ಟೆ, ಒಡೆಯದೇ ಇರೋದು. ಅಂಗಡಿಯಿಂದ ತಾನೇ ತಂದ ಬಿಸ್ಕತ್ತು, ಪೊಟ್ಟಣದ ಅಂಟು ಬಿಟ್ಟಿಲ್ಲ ಅಂತ ನೋಡಿಕೊಂಡ ಮೇಲೆ. ಯಾರೂ ಏನನ್ನೂ ಬೆರೆಸಲು ಆಗದ ಆಹಾರವನ್ನು ಅಷ್ಟು ಜಾಣತನದಿಂದ ಆರಿಸಿಕೊಂಡಿದ್ದ. ಊಟ ಬಿಟ್ಟಿದ್ದರಿಂದ ಔಷಧವೂ ನಿಂತಿತ್ತು. ನಿಂತಿದ್ದರಿಂದ ಕಿವಿಯ ದನಿಗಳು ವಾಪಸ್ ಬಂದಿದ್ದವು. ನಿದ್ದೆ ಹೋಗಿತ್ತು.

ನಿದ್ದೆಯ ಬಗ್ಗೆಯೇ ಮಾತಾಡಿದೆವು. ಕಾಯಿಲೆ ಅನ್ನುವ ಪದವನ್ನು ನಾನು ಎತ್ತಲಿಲ್ಲ. ಎದ್ದು ಹೋಗುವ ಹೊತ್ತಿಗೆ ಅವನೇ ಬಾಗಿಲ ಹತ್ತಿರ ನಿಂತು ಕೇಳಿದ.

"ಊಟದಲ್ಲಿ ಏನೋ ಹಾಕ್ತಾರೆ ಅಂತ ನಾನ್ ಅಂತೀನಿ. ನಿಂಗೆ ಕಾಯಿಲೆ, ಅದಕ್ಕೇ ಹಂಗನ್ಸುತ್ತೆ ಅಂತ ಅವ್ರು ಅಂತಾರೆ. ನೀವು ಓದಿದೋರು, ನೀವೇ ಹೇಳಿ ಮೇಡಂ. ಹಾಕ್ತಾರಾ, ಇಲ್ವಾ?"

ಇಲ್ಲ ಅಂದಿದ್ದರೆ ಅದು ಸುಳ್ಳು. ಹೌದು ಅನ್ನುವ ಹಕ್ಕು ನನಗಿರಲಿಲ್ಲ, ಅದು ಜಯಮ್ಮ ಮೊದಲೇ ನನ್ನನ್ನು ನಂಬಿ ಹೇಳಿದ್ದ ವಿಷಯ. "ಈ ಪ್ರಶ್ನೆ ಕೇಳೋಕೆ ನಿಮಗೆ ಕಾರಣ ಇದೆ. ಇದಕ್ಕೆ ನಿಮ್ಮ ತಾಯಿ ಉತ್ತರ ಕೊಡಬೇಕು. ಇನ್ನೊಂದು ಸಲ ಇಲ್ಲಿಗೆ ಬನ್ನಿ, ಎಲ್ಲರೂ ಕೂತು ಮಾತಾಡೋಣ," ಅಂದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಬರ್ತೀನಿ ಅಂದ.

ಜಯಮ್ಮನನ್ನು ಒಪ್ಪಿಸುವುದೇ ಕಷ್ಟವಾಯಿತು. "ಹೇಳ್ಬುಟ್ರೆ ಇನ್ನು ನನ್ ಕೈಲಿ ಒಂದು ತುತ್ತೂ ಉಣ್ಣಾಕಿಲ್ಲ ಮೇಡಮ್ಮೋರೇ," ಅಂದರು. "ಈಗ ಉಣ್ತಿದ್ದಾನಾ ಜಯಮ್ಮ?" ಅಂದೆ. ಅವರಿಗೆ ಸಿಟ್ಟು ಬಂತು. "ನಿಮ್ಗೇನ್ ಗೊತ್ತು? ರಾತ್ರಿ ಮಚ್ಚು ದಿಂಬಿನ ಕೆಳಗೆ ಮಡಿಕ್ಕಂಡು ಮಲಗೋನು. ನಾನೊಬ್ಬಳೇ ಮನೇಲಿ. ಆಸ್ಪತ್ರೆ ಗಾಡಿ ಬತ್ತದಾ? ಪೊಲೀಸ್ನೋರು ಬತ್ತಾರಾ? ಯಾರು ಬಂದಿದ್ರು ಆವಾಗ?"

ಯಾರೂ ಬಂದಿರಲಿಲ್ಲ. ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಮ್ಮಲ್ಲಿ ಚಿಕಿತ್ಸೆಯ ಭಾರವನ್ನೆಲ್ಲ ಒಬ್ಬ ತಾಯಿಯ ಅಡುಗೆಮನೆಗೆ ಹೊರಿಸಿ, ಆಮೇಲೆ ಅವಳನ್ನೇ ತಪ್ಪು ಅನ್ನುತ್ತೇವೆ. ಜಯಮ್ಮ ಮಾಡಿದ್ದು ಮಗನನ್ನು ಉಳಿಸಿಕೊಳ್ಳುವುದಕ್ಕೆ. ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿದೆ. ಆದರೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು. "ನಿಮ್ಮ ಮಗನ ಕಾಯಿಲೆ ಯಾರನ್ನೂ ನಂಬಬೇಡ ಅಂತ ಅವನಿಗೆ ಹೇಳ್ತಿದೆ. ನಾವು ಅವನಿಗೆ ಸುಳ್ಳು ಹೇಳಿದಷ್ಟೂ ಕಾಯಿಲೆಯ ಮಾತೇ ಗೆಲ್ಲುತ್ತೆ. ನಾಳೆ ನೀವು ಮಾತ್ರೆ ತಗೋ ಮಗಾ ಅಂದಾಗ ಅವನು ಕೇಳಬೇಕಾದ್ರೆ, ಇವತ್ತು ನೀವು ನಿಜ ಹೇಳಬೇಕು."

ಸುಮ್ನೆ ಧೈರ್ಯ ತುಂಬಿ ಕಳಿಸಲಿಲ್ಲ, ತಯಾರಿ ಮಾಡಿಕೊಂಡೆವು. ಮನೋವೈದ್ಯರಿಗೆ ವಿಷಯ ತಿಳಿಸಿದೆವು. ಅಂದು ಅವರೂ ಸಿಗುವ ಹಾಗೆ ನೋಡಿಕೊಂಡೆವು. ಅಕ್ಕ ಜೊತೆಗಿರಬೇಕು, ರಾತ್ರಿ ರಘು ಬೇಕಾದರೆ ಅಕ್ಕನ ಮನೆಗೆ ಹೋಗಬಹುದು. ಮಚ್ಚು, ಕುಡುಗೋಲು ಎಲ್ಲ ಮೊದಲೇ ಪಕ್ಕದ ಮನೆ ಸೇರಿದವು.

ಆ ದಿನ ಜಯಮ್ಮ ಪೀಠಿಕೆ ಹಾಕಲಿಲ್ಲ. "ಹಾಕ್ತಿದ್ದೆ ಕಣಪ್ಪ. ನಂಜಲ್ಲ, ಮಾತ್ರೆ. ನೀನು ಚೆನ್ನಾಗಾಗ್ಲಿ ಅಂತ ಸಾರಿಗೆ ಹಾಕ್ತಿದ್ದೆ," ಅಂದವರೇ ಸೆರಗು ಬಾಯಿಗೆ ಒತ್ತಿಕೊಂಡರು. ರಘು ಕುರ್ಚಿಯಿಂದ ಎದ್ದ. ನಾವೆಲ್ಲ ಗಾಬರಿಯಾದೆವು. ಅವನು ನನ್ನ ಕಡೆ ತಿರುಗಿ, "ಹಂಗಾದ್ರೆ ನನ್ ನಾಲಿಗೆ ಸರಿಯಾಗೇ ಐತೆ," ಅಂದ. ಮತ್ತೆ ಅದನ್ನೇ ಅಂದ. ಆಮೇಲೆ ಕೂತು ಜೋರಾಗಿ ಅತ್ತ. ಕೋಪ ಆಮೇಲೆ ಬಂತು. "ಇಷ್ಟು ದಿನ ನನ್ನ ಹುಚ್ಚ ಮಾಡಿದ್ಯಲ್ಲವ್ವ," ಅಂದ. ಆ ಮಾತನ್ನು ಜಯಮ್ಮ ಇವತ್ತಿಗೂ ಮರೆತಿಲ್ಲ.

ನಾಲಿಗೆ ಸರಿಯಾಗೇ ಐತೆ ಅಂದ ಆ ಒಂದು ವಾಕ್ಯ ಯಾಕೆ ಮುಖ್ಯ ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಅವನ ಪಾಲಿಗೆ ಎರಡೇ ದಾರಿ ಇತ್ತು. ಒಂದೋ ಅವನಿಗೆ ಅನ್ನಿಸಿದ್ದೆಲ್ಲ ಸುಳ್ಳು, ಇಲ್ಲಾ ಅನ್ನಿಸಿದ್ದೆಲ್ಲ ನಿಜ. ತಾಯಿ ಒಪ್ಪಿಕೊಂಡ ಮೇಲೆ ಮೂರನೆಯದು ಹುಟ್ಟಿತು: ನನಗೆ ಅನ್ನಿಸುವುದರಲ್ಲಿ ಕೆಲವು ನಿಜ, ಕೆಲವು ಅಲ್ಲ. ಬಿಡಿಸಿ ನೋಡಬೇಕು. ಚಿಕಿತ್ಸೆಯ ಮಾತು ಶುರುವಾಗುವುದೇ ಅಲ್ಲಿಂದ. ಕೆಲವು ವಾರಗಳ ನಂತರ ಅವನೇ ಕೇಳಿದ: "ಊಟದ್ದು ನಿಜ ಆಯ್ತು. ಕಿವೀಲಿ ಕೇಳ್ಸೋದು?" ಕಾಯಿಲೆ ಒಪ್ಪಿಕೋ ಅಂತ ಮನೆಯವರೆಲ್ಲ ಅಷ್ಟು ದಿನ ಕೂಗಾಡಿದ್ದರು. ಆಗ ಅವನ ಬಾಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ.

ತನಗೆ ಕಾಯಿಲೆ ಇದೆ ಅಂತ ಕಾಣದಿರುವುದು ಸ್ಕಿಜೋಫ್ರೇನಿಯಾದ ಲಕ್ಷಣಗಳಲ್ಲೇ ಒಂದು. ಹಟ ಅಲ್ಲ, ಸೊಕ್ಕಲ್ಲ. ಹಾಗಾಗಿಯೇ ವಾದ ಮಾಡಿ ಒಪ್ಪಿಸುವುದಕ್ಕೆ ಆಗುವುದಿಲ್ಲ. "ನಿನಗೆ ಕಾಯಿಲೆ, ಮಾತ್ರೆ ತಗೋ" ಅನ್ನುವುದಕ್ಕಿಂತ "ನಿದ್ದೆ ಬರ್ತಿಲ್ಲ ಅಂದ್ಯಲ್ಲ, ಅದಕ್ಕೆ ಡಾಕ್ಟರನ್ನ ನೋಡೋಣ್ವಾ" ಅನ್ನುವುದು ಕೆಲಸಕ್ಕೆ ಬರುತ್ತೆ. ಅವರಿಗೆ ಯಾವುದು ಕಷ್ಟವೋ ಅದನ್ನು ಹಿಡಿದುಕೊಂಡು ಹೋಗಿ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಒಬ್ಬರು ಚಿಕಿತ್ಸೆಯ ಬಗ್ಗೆ ತೆಗೆದುಕೊಂಡ ತೀರ್ಮಾನ ಬೇರೆಯವರಿಗೆ ತಪ್ಪು ಅನ್ನಿಸಿದ ಮಾತ್ರಕ್ಕೆ, ಅವರಿಗೆ ತೀರ್ಮಾನಿಸುವ ಶಕ್ತಿಯೇ ಇಲ್ಲ ಅನ್ನುವಂತಿಲ್ಲ ಅಂತ ಅದರ 4ನೇ ಸೆಕ್ಷನ್ ಹೇಳುತ್ತೆ. ನಿಜವಾಗಿಯೂ ಆ ಶಕ್ತಿ ಇಲ್ಲದ, ತಮಗೋ ಇತರರಿಗೋ ಅಪಾಯ ಮಾಡುವ ಸ್ಥಿತಿ ಬಂದರೆ ಅದಕ್ಕೂ ದಾರಿ ಇದೆ. ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಕಾಯಿಲೆಯವರ ಪರವಾಗಿ ಮಾತಾಡುವವರು, ಅರ್ಜಿ ಕೊಟ್ಟು, ವೈದ್ಯರು ಪರೀಕ್ಷೆ ಮಾಡಿ ದಾಖಲು ಮಾಡಿಕೊಳ್ಳುವ ಅವಕಾಶ 89ನೇ ಸೆಕ್ಷನ್‌ನಲ್ಲಿದೆ. ಅದು 30 ದಿನದವರೆಗೆ. ಅಲ್ಲಿ ಕಾಗದ ಇರುತ್ತೆ, ಪ್ರಶ್ನಿಸುವುದಕ್ಕೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ಇರುತ್ತೆ. ಸಾರಿನ ಪಾತ್ರೆಗೆ ಅದ್ಯಾವುದೂ ಇಲ್ಲ.

ಮೈಗೆ ಆಗುವ ಅಪಾಯವೂ ಸಣ್ಣದಲ್ಲ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ರಿಸ್ಪೆರಿಡೋನ್ ಹನಿ ಔಷಧವನ್ನು ಟೀಗೆ ಬೆರೆಸಬಾರದು, ಕೋಲಾಕ್ಕೂ ಬೆರೆಸಬಾರದು. ನಮ್ಮ ಮನೆಗಳಲ್ಲಿ ಮೊದಲು ಬೆರೆಸುವುದೇ ಟೀಗೆ. ಅರ್ಧ ಊಟ ಬಿಟ್ಟರೆ ಅರ್ಧ ಡೋಸ್. ತಟ್ಟೆ ಅದಲು ಬದಲಾದರೆ ಮಗುವಿನ ಹೊಟ್ಟೆಗೆ. ಔಷಧ ಒಳಗೆ ಹೋಗಿದೆ ಅಂತ ಗೊತ್ತಿಲ್ಲದೆ ಮಂಪರಿನಲ್ಲೇ ಬೈಕ್ ಓಡಿಸುತ್ತಾರೆ, ಮೇಲೆ ಕುಡಿಯುತ್ತಾರೆ. ಸೊಸೆಗೆ ಹೀಗೆ ಕದ್ದು ಮನಸ್ಸಿನ ಏರುಪೇರಿಗೆ ಕೊಡುವ ವಾಲ್‌ಪ್ರೊಯೇಟ್ ಕೊಡುತ್ತಿದ್ದ ಒಂದು ಮನೆಯವರನ್ನೂ ನಾನು ನೋಡಿದ್ದೇನೆ. ಅದು ಗರ್ಭದಲ್ಲಿರುವ ಮಗುವಿನ ಮಿದುಳು, ಬೆನ್ನುಹುರಿಗೆ ಹಾನಿ ಮಾಡಬಲ್ಲ ಔಷಧ. ಆ ಹುಡುಗಿಗೆ ತನ್ನ ಒಡಲಿಗೆ ಏನು ಹೋಗುತ್ತಿದೆ ಅಂತಲೇ ಗೊತ್ತಿರಲಿಲ್ಲ. ಅಲ್ಲಿ ನಾನು ಮೆತ್ತಗೆ ಮಾತಾಡಲಿಲ್ಲ.

ಈಗಾಗಲೇ ಕದ್ದು ಕೊಡುತ್ತಿರುವವರು ಇದನ್ನು ಓದುತ್ತಿದ್ದರೆ, ಇವತ್ತೇ ದಿಢೀರ್ ಅಂತ ನಿಲ್ಲಿಸಬೇಡಿ. ಕಾಯಿಲೆ ಮರುಕಳಿಸಬಹುದು. ಮೊದಲು ಚೀಟಿ ಬರೆದ ಡಾಕ್ಟರಿಗೆ ನಿಜ ಹೇಳಿ. ದೂರ ಹೋಗಲು ಆಗದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು. ಹೇಳುವ ದಿನ ಯಾರು ಜೊತೆಗಿರುತ್ತಾರೆ ಅಂತ ತೀರ್ಮಾನ ಮಾಡಿಕೊಳ್ಳಿ. ಹೇಳುವಾಗ ನಿಮ್ಮ ತ್ಯಾಗದ ಕತೆ ಬೇಡ. ಬೆರೆಸಿದ್ದೆ, ಇನ್ನು ಬೆರೆಸಲ್ಲ, ಅಷ್ಟೇ ಸಾಕು. ಆಮೇಲೆ ಅಡುಗೆ ಅವರ ಎದುರಿಗೇ ಆಗಲಿ. ಅವರೇ ಬಡಿಸಿಕೊಳ್ಳಲಿ, ಅದೇ ಪಾತ್ರೆಯಿಂದ ನೀವೂ ಉಣ್ಣಿ. ಔಷಧ ಊಟದ ಹತ್ತಿರಕ್ಕೂ ಬರಬಾರದು.

ರಘು ಅಕ್ಕನ ಮನೆಗೆ ಹೋದವನು ಬಹಳ ದಿನ ಅಲ್ಲೇ ಇದ್ದ. ತಾಯಿಯ ಜೊತೆ ಮಾತು ಬಿಟ್ಟ. ಆ ದಿನಗಳಲ್ಲಿ ಜಯಮ್ಮ ಫೋನ್ ಮಾಡಿ, "ನಿಮ್ ಮಾತು ಕೇಳಿ ಮಗನ್ನ ಕಳಕಂಡೆ," ಅಂದರು. ಆಗಲೂ ನನ್ನ ಸಲಹೆ ತಪ್ಪು ಅನ್ನಿಸಲಿಲ್ಲ, ಆದರೆ ಅದರ ಬೆಲೆಯನ್ನು ಅವರೊಬ್ಬರೇ ತೆರುತ್ತಿದ್ದರು ಅನ್ನುವುದು ನಿಜ. ಹಾಗಾಗಿ ಅವರಿಗಾಗಿಯೇ ಬೇರೆ ಸಮಯ ಇಟ್ಟು ಕರೆಸಿಕೊಂಡೆ. ಮಗನ ವಿಷಯ ಬಿಟ್ಟು ಅವರ ನಿದ್ದೆ, ಅವರ ಬಿಪಿ, ಅವರ ಭಯ.

ಡಾಕ್ಟರು ರಘುಗೆ ಎಲ್ಲ ಆಯ್ಕೆಗಳನ್ನೂ ವಿವರಿಸಿದರು. ಅವನು ತಿಂಗಳಿಗೊಮ್ಮೆ ತಗೊಳ್ಳುವ ಇಂಜೆಕ್ಷನ್ ಆರಿಸಿಕೊಂಡ. "ಸೂಜಿ ಕಣ್ಣಿಗೆ ಕಾಣುತ್ತೆ," ಅನ್ನುವುದು ಅವನು ಕೊಟ್ಟ ಕಾರಣ. ಈಗ ಒಂದು ವರ್ಕ್‌ಶಾಪಿಗೆ ಹೋಗುತ್ತಾನೆ, ದಿನಾ ಅಲ್ಲ. ದನಿಗಳು ಪೂರ್ತಿ ಹೋಗಿಲ್ಲ. ಊಟ ಮಾತ್ರ ಮನೆಯಲ್ಲೇ. ಮುದ್ದೆ ತೊಳಸುವುದು ಅವನೇ.

ಅದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಮುಂದೆ ಕಾಯಿಲೆ ಹೆಚ್ಚಾಗಿ ತಾನು ತೀರ್ಮಾನಿಸಲು ಆಗದಿದ್ದರೆ ಹೇಗೆ ಆರೈಕೆ ಮಾಡಬೇಕು, ಹೇಗೆ ಮಾಡಬಾರದು ಅಂತ ಯಾವ ವಯಸ್ಕರೂ ಮುಂಚಿತವಾಗಿ ಬರೆದಿಡಬಹುದು. ರಘು ಬರೆದಿದ್ದಾನೆ. ಇಂಜೆಕ್ಷನ್ ಕೊಡಿ, ಬೇಕಾದರೆ ಆಸ್ಪತ್ರೆಗೆ ಸೇರಿಸಿ, ಅನ್ನ ನೀರಿನಲ್ಲಿ ಮಾತ್ರ ಏನನ್ನೂ ಬೆರೆಸಬೇಡಿ ಅಂತ. ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯಾಗಿ ಅಕ್ಕನ ಹೆಸರು ಹಾಕಿದ್ದಾನೆ, ತಾಯಿಯ ಹೆಸರಲ್ಲ. ಜಯಮ್ಮನಿಗೆ ಅದು ನೋವಾಗಿದೆ. ಹೆಸರು ಬದಲಾಯಿಸು ಅಂತ ಅವನಿಗೆ ಹೇಳಿ ಅಂತ ನನ್ನನ್ನು ಕೇಳಿದರು. ನಾನು ಹೇಳುವುದಿಲ್ಲ ಅಂದೆ. ಅದನ್ನು ಅವರೇ ಮಗನ ಹತ್ತಿರ ಕೇಳಬಹುದು, ಅವನು ಆಗಲ್ಲ ಅಂತಲೂ ಅನ್ನಬಹುದು. ಮುಂದಿನ ವಾರ ಇಬ್ಬರೂ ಬರುತ್ತಿದ್ದಾರೆ.