ನಾನೇ ನಾನು ಎಂಬ ಸರ್ಟಿಫಿಕೇಟು

“ಕೇರಳದಲ್ಲಿ ಕನ್ನಡ ಲೈಬ್ರರಿ ಯಾರಿಗೆ? ಧೂಳು ತಿನ್ನಲಿಕ್ಕಾ?” ಅಂತ ಬೆಂಗಳೂರಿನಲ್ಲಿ ಕೂತು ಕೇಳಿದೆಯಲ್ಲ ಮಾರಾಯ, ಮೊದಲು ಒಂದು ಮಾತು. ನಾವು ಕಾಸರಗೋಡಿಗೆ ಗಂಟುಮೂಟೆ ಕಟ್ಟಿಕೊಂಡು ಹೋದವರಲ್ಲ. ಇದ್ದಲ್ಲೇ ಇದ್ದೇವೆ. 1956ರ ನವೆಂಬರ್ 1ರಂದು ರಾಜ್ಯದ ಗಡಿಗೆರೆ ನಮ್ಮ ಮನೆ ದಾಟಿ ಆಚೆ ಬಿತ್ತು, ಅಷ್ಟೆ. ನೀನು ಬಾವುಟ ಹಾರಿಸುತ್ತೀಯಲ್ಲ, ಅದೇ ದಿನ. ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರವೂ ನಮ್ಮ ಜಿಲ್ಲೆಯಲ್ಲೇ ಇದೆ. ಪರೀಕ್ಷೆಗೆ ಅವರ ಪದ್ಯ ಬಾಯಿಪಾಠ ಮಾಡಿದ್ದೀಯ, ಊರು ಎಲ್ಲಿದೆ ಅಂತ ನೋಡಿಲ್ಲ.

ಇನ್ನು ಲೈಬ್ರರಿ. ಇದು ನಿಮ್ಮಲ್ಲಿಯ ಹಾಗೆ ಸರ್ಕಾರಿ ಇಲಾಖೆಯದ್ದಲ್ಲ. ಊರವರು ಕಟ್ಟಿದ್ದು, ಸದಸ್ಯರು ಆರಿಸಿದ ಕಮಿಟಿ ನಡೆಸುವುದು. ಕೇರಳದ ಲೈಬ್ರರಿ ಕೌನ್ಸಿಲ್ ಮಾನ್ಯತೆ ಕೊಡುತ್ತದೆ, ಗ್ರೇಡ್ ನೋಡಿ ಗ್ರಾಂಟ್ ಕೊಡುತ್ತದೆ. ಅದೂ ಒಂದು ರೀತಿ ನಮ್ಮದೇ ದುಡ್ಡು, ಕಟ್ಟಡ ತೆರಿಗೆಯ ರೂಪಾಯಿಗೆ 5 ಪೈಸೆ ಸೆಸ್. ಈ ಏರ್ಪಾಟಿನ ಬೇರು 1945ರಲ್ಲಿ ಪಿ.ಎನ್. ಪಣಿಕ್ಕರ್ ತಿರುವಾಂಕೂರಿನ ಅಂಬಲಪ್ಪುಳದಲ್ಲಿ ಕಟ್ಟಿದ ಗ್ರಂಥಾಲಯ ಸಂಘದಲ್ಲಿದೆ. ಆಗ ನಾವು ಮದ್ರಾಸಿನ ಕೆಳಗೆ. ಅವರು ತೀರಿಕೊಂಡ ಜೂನ್ 19 ಇಲ್ಲಿ ಓದಿನ ದಿನ. ಈ ವಿಷಯದಲ್ಲಿ ಕೇರಳಕ್ಕೆ ಕೈ ಮುಗಿಯಬೇಕು. ಹಾಗೆಂದ ಕೂಡಲೇ “ನೀನೂ ಮಲಯಾಳಿ ಆದೆ” ಅನ್ನಬೇಡ.

ಪೇಪರು, ಮಕ್ಕಳ ಬಾಲವೇದಿ, ಹೆಂಗಸರಿಗೆ ಮನೆಗೇ ಪುಸ್ತಕ, ಹುಡುಗರಿಗೆ ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಕ್ಲಾಸು. ಎಲ್ಲ ಇದೆ. ಆದರೆ ಸಂಜೆ ಐದಾದ ಮೇಲೆ ಜಾಸ್ತಿ ಜನ ಬರುವುದು ಅರ್ಜಿ ಬರೆಸಲಿಕ್ಕೆ. ಲೈಬ್ರೇರಿಯನ್ ಮತ್ತು ನಾನು ಪುಕ್ಕಟೆಯಾಗಿ ಬರೆದುಕೊಡುತ್ತೇವೆ. ಕನ್ನಡ ಮೀಡಿಯಂನಲ್ಲಿ ಓದಿದವರ ಕೈಗೆ ಮಲಯಾಳ ಫಾರಂ. ಕನ್ನಡದ ಫಾರಂ ಕೇಳಿದರೆ “ಮುಗಿದಿದೆ” ಅನ್ನುತ್ತಾರೆ. ಬಂದದ್ದು ಯಾವಾಗ ಅಂತ ನಾವೂ ಕೇಳುವುದಿಲ್ಲ.

ಅದೂ ಹೋಗಲಿ. ನಿಜವಾದ ತಲೆನೋವು ಹೆಸರು. ಹೋದ ತಿಂಗಳು ಒಬ್ಬರು ಸುಶೀಲಕ್ಕ ಬಂದರು. ಪ್ಲಾಸ್ಟಿಕ್ ಚೀಲ ಬಿಚ್ಚಿ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು, ಹಪ್ಪಳ ಒಣಗಿಸಿದ ಹಾಗೆ. ಶಾಲೆಯ ಕನ್ನಡ ಸರ್ಟಿಫಿಕೇಟಿನಲ್ಲಿ ‘ಸುಶೀಲಾ’. ರೇಶನ್ ಕಾರ್ಡಿನ ಮಲಯಾಳದಲ್ಲಿ ದೀರ್ಘ ಇಲ್ಲ, ‘ಸುಶೀಲ’. ಆಧಾರಿನ ಇಂಗ್ಲಿಷಿನಲ್ಲಿ ‘ಶ’ಗೆ ಬರೀ ಎಸ್, ನಡುವೆ ಎರಡು ಇ. ಪಾಸ್‌ಬುಕ್ಕಿನಲ್ಲಿ ಎಸ್ಸಿನ ಪಕ್ಕ ಎಚ್ಚು, ಆಮೇಲೆ ಐ. ಇಡೀ ಊರಿಗೆ ಅವರು ಒಬ್ಬರೇ. ಕಂಪ್ಯೂಟರಿಗೆ ನಾಲ್ಕು ಜನ.

“ಎಚ್ಚು ಒಂದು ಇಲ್ಲದಿದ್ದರೆ ಎಂತ ಆಗ್ತದೆ ಮಾಷ್ಟ್ರೇ?”

“ಪಿಂಚಣಿ ನಿಲ್ತದೆ ಅಕ್ಕ.”

ಇದಕ್ಕೊಂದು ಮದ್ದಿದೆ, ‘ಒನ್ ಆಂಡ್ ದ ಸೇಮ್’ ಸರ್ಟಿಫಿಕೇಟು. ಈ ಹೆಸರಿನವರೂ ಆ ಹೆಸರಿನವರೂ ಒಬ್ಬರೇ ಅಂತ ವಿಲ್ಲೇಜ್ ಆಫೀಸರ್ ಬರೆದುಕೊಡುವುದು. ನಮ್ಮ ಲೈಬ್ರರಿಯಲ್ಲಿ ಅದಕ್ಕೆ ‘ನಾನೇ ನಾನು’ ಅಂತ ಹೆಸರು. “ಅಕ್ಕ, ಕಾದಂಬರಿಯಾ ನಾನೇ ನಾನಾ?” ಅಂತ ಬಾಗಿಲಲ್ಲೇ ಕೇಳಿಬಿಡುತ್ತೇವೆ.

ನಿನಗೆ ತಮಾಷೆ ಅನ್ನಿಸಬಹುದು. ಇಲ್ಲಿಯ ಆಫೀಸಿಗೆ ಹೋದರೆ “ಮಲಯಾಳಂ ಅರಿಯಿಲ್ಲೇ?” ಅನ್ನುತ್ತಾರೆ. ಮಂಗಳೂರಿನಿಂದ ಆಚೆ ಬಂದರೆ ನಿನ್ನಂಥವರು “ಓ, ಕೇರಳದವರಾ, ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!” ಅನ್ನುತ್ತೀರಿ. ಅಲ್ಲಯ್ಯಾ, ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಹೀಗೆ ಮೂರನ್ನೂ ಒಂದೇ ದಿನ ಮಾತಾಡುವವರಿಗೆ ನೀನು ಸರ್ಟಿಫಿಕೇಟ್ ಕೊಡುವುದಾ?

ಸುಶೀಲಕ್ಕನ ಸರ್ಟಿಫಿಕೇಟು ಮೊನ್ನೆ ಸಿಕ್ಕಿತು. ತೋರಿಸಲಿಕ್ಕೇ ಬಂದರು. ಅವರ ಹೆಸರು ಎಲ್ಲ ಸರಿ ಇತ್ತು. ಗಂಡನ ಹೆಸರು ಶಂಕರ. ಎಸ್ಸಿನ ಪಕ್ಕ ಎಚ್ಚಿಲ್ಲ. ಬೈಯೋಣ ಅಂತ ಅರ್ಜಿಯ ಪ್ರತಿ ತೆಗೆದು ನೋಡಿದರೆ ಅಕ್ಷರ ನನ್ನದೇ.