ಹೆಸರು ಗೊತ್ತಾದರೆ ಬಿಟ್ಟು ಹೋಗೋದು ಕಷ್ಟ

"ಕ್ಲಾಸಲ್ಲಿ ಯಾರೂ ಬಾಯಿ ಬಿಡಲ್ಲ ಸರ್."

ನಾನು ಆಪ್ತಸಮಾಲೋಚಕ, ಅಂದರೆ ಕೌನ್ಸೆಲರ್. ಡಿಗ್ರಿ ಕಾಲೇಜಿನ ಮೇಷ್ಟ್ರುಗಳು, ಮೇಡಂಗಳು ನನ್ನ ಹತ್ತಿರ ಬಂದರೆ ಈ ಮಾತು ಬಂದೇ ಬರುತ್ತದೆ. ನಿದ್ದೆ ಬರಲ್ಲ ಅಂತಲೋ ತಲೆನೋವು ಅಂತಲೋ ಬಂದಿರುತ್ತಾರೆ, ಸ್ವಲ್ಪ ಕೆದಕಿದರೆ ಒಳಗೆ ಇದು ಕೂತಿರುತ್ತದೆ. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆದಿದ್ದೇನೆ.

ತಾಲ್ಲೂಕು ಊರಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಬಿಕಾಂಗೆ ಅಕೌಂಟೆನ್ಸಿ ಪಾಠ. ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಗೊತ್ತಲ್ಲ, ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗೀತು, ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಮೆರಿಟ್ ಪಟ್ಟಿ, ಮತ್ತೆ ಕಾಲೇಜು ಹಂಚುವ ಕೌನ್ಸೆಲಿಂಗ್. ನನ್ನ ಹತ್ತಿರ ಹೊರಟ ದಿನ ಮನೆಯಲ್ಲಿ "ಕೌನ್ಸೆಲಿಂಗ್ ಇದೆ" ಅಂದರೆ ಅವರ ಅತ್ತೆ "ಈ ಸಲ ಯಾವ ಕಾಲೇಜು ಸಿಗುತ್ತಂತೆ?" ಅಂತ ಕೇಳಿದರಂತೆ. ಇಬ್ಬರೂ ನಕ್ಕೆವು.

ಮೊದಲೆರಡು ಭೇಟಿಯಲ್ಲಿ ನಾನು ಕೊಟ್ಟ ಸಲಹೆ ದಂಡ. ಕಥೆಯಿಂದ ಶುರು ಮಾಡಿ, ವಾಟ್ಸಾಪ್ ಗ್ರೂಪ್ ಮಾಡಿ, ಆಗಾಗ ನಗಿಸಿ ಅಂತ ಎಲ್ಲರೂ ಹೇಳೋದನ್ನೇ ಹೇಳಿದ್ದೆ. ಪಾಪ, ಎಲ್ಲ ಮಾಡಿದರು. ಜೋಕ್ ಹೇಳಿದ ದಿನ ಹಿಂದಿನ ಬೆಂಚಿನ ಒಬ್ಬ ಹುಡುಗ ನಕ್ಕನಂತೆ, ಅದೂ ಪಕ್ಕದವನು ಏನೋ ಅಂದಿದ್ದಕ್ಕೆ.

ಮೂರನೇ ಸಲ ಬಂದಾಗ, "ನಿನ್ನೆ ಮಾಡಿದ ಪಾಠ ನನಗೇ ಮಾಡಿ, ಐದು ನಿಮಿಷ" ಅಂದೆ. ಕೂತೇ ಹೇಳಬಹುದಿತ್ತು, ಎದ್ದು ನಿಂತರು. ನನ್ನ ಮೇಜಿನ ಪೆನ್ನನ್ನು ಚಾಕ್‌ಪೀಸ್ ಹಿಡಿದ ಹಾಗೆ ಹಿಡಿದರು. ಪಾಠ ಡಿಪ್ರೀಸಿಯೇಶನ್, ಸವಕಳಿ. ಇಂಗ್ಲಿಷಿನಲ್ಲಿ ಒಂದು ವ್ಯಾಖ್ಯೆ, ಕನ್ನಡದಲ್ಲಿ ಒಂದು. ಆಮೇಲೆ "ಯಂತ್ರದ ಬೆಲೆ ಯಾಕೆ ಇಳಿಯುತ್ತೆ?" ಅಂತ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ "ಬಳಸಿ ಬಳಸಿ ಸವೆಯುತ್ತೆ, ಹಳೇದಾಗುತ್ತೆ, ಅರ್ಥ ಆಯ್ತಾ? ಆಯ್ತು" ಅಂತ ಅವರೇ ಮುಗಿಸಿದರು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ, ಅರ್ಥ ಆಗಿದ್ದೂ ಅವರಿಗೇ. ಗೋಡೆ ಗಡಿಯಾರದ ಸೆಕೆಂಡು ಮುಳ್ಳು ನೋಡುತ್ತಿದ್ದೆ. ಐದು ನಿಮಿಷದಲ್ಲಿ ನಾಲ್ಕು ಪ್ರಶ್ನೆ, ಒಂದಕ್ಕೂ ಎರಡು ಸೆಕೆಂಡು ಸಿಗಲಿಲ್ಲ.

ಸಿಕ್ಕಿಬಿಟ್ಟಿತು ಅಂದುಕೊಂಡೆ. ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲೇ ಶಾಲೆಗಳ ವಿಜ್ಞಾನ ತರಗತಿಗಳನ್ನು ಅಧ್ಯಯನ ಮಾಡಿ, ಟೀಚರುಗಳು ಪ್ರಶ್ನೆ ಕೇಳಿ ಸರಾಸರಿ ಒಂದೇ ಸೆಕೆಂಡು ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂತ ಮಕ್ಕಳೂ ಮಾತಾಡುತ್ತಾರೆ ಅಂತ ತೋರಿಸಿದ್ದನ್ನು ಉತ್ಸಾಹದಿಂದ ಹೇಳಿದೆ. "ಸರಿ ಸರ್" ಅಂತ ಡೈರಿಯಲ್ಲಿ ಬರೆದುಕೊಂಡರು. ಬ್ಯಾಗಿನ ಜಿಪ್ ಎಳೆದರು.

ಏಳುವಾಗ ಸುಮ್ನೆ ಕೇಳಿದೆ, "ಅವತ್ತು ನಕ್ಕನಲ್ಲ, ಆ ಹುಡುಗನ ಹೆಸರೇನು?"

"ಗೊತ್ತಿಲ್ಲ ಸರ್."

"ಮುಂದಿನ ಬೆಂಚಿನವರದ್ದು?"

"ಅಟೆಂಡೆನ್ಸ್ ನಂಬರಲ್ಲೇ ಕರೀತೀನಿ."

ನಾನು ಇನ್ನೇನೋ ಹೇಳಬೇಕು ಅಂತಿದ್ದೆ. ಈಗಷ್ಟೇ ಭಾಷಣ ಬಿಗಿದಿದ್ದೆನಲ್ಲ, ನಾಚಿಕೆಯಾಗಿ ಸುಮ್ಮನೆ ಎಣಿಸುತ್ತಾ ಕೂತೆ. ಏಳೋ ಎಂಟೋ ಸೆಕೆಂಡು ಆಗಿತ್ತು.

"ಮೊದಲ ಮೂರು ವರ್ಷ ಎಲ್ಲರ ಹೆಸರೂ ಬರ್ತಿತ್ತು ಸರ್. ಊರ ಹಬ್ಬಕ್ಕೆ ಕರೀತಿದ್ರು, ಮದುವೆಗೆ ಕರೀತಿದ್ರು. ಆಮೇಲೆ ಬೇರೆ ಕಾಲೇಜು ಬಂತು, ಅಲ್ಲಿಂದ ಇನ್ನೊಂದು. ಹೆಸರು ಗೊತ್ತಾದರೆ ಬಿಟ್ಟು ಹೋಗೋದು ಕಷ್ಟ."

ಜಿಪ್ ಹಾಕಿದ್ದ ಬ್ಯಾಗು ಮತ್ತೆ ಕೆಳಗಿಳಿಯಿತು. ಅವತ್ತು ಮುಕ್ಕಾಲು ಗಂಟೆ ಜಾಸ್ತಿಯೇ ಕೂತೆವು, ಪಾಠದ ಮಾತು ಒಂದೂ ಬರಲಿಲ್ಲ.

ಸಲಹೆ ಕೊಟ್ಟದ್ದು ಅದರ ಮುಂದಿನ ವಾರ. ತರಗತಿಯಲ್ಲಿ 84 ಜನ. ಸೋಮವಾರ ಒಂದು ದಿನ ಹೆಸರು ಹಿಡಿದು ಹಾಜರಿ ಕರೆಯಿರಿ, ಉಳಿದ ದಿನ ನಂಬರೇ ಇರಲಿ. ವಾರಕ್ಕೆ ಒಂದು ಬೆಂಚು ಸಾಕು. ಯಾವ ಊರು, ಯಾವ ಬಸ್ಸು, ಮನೆಯಲ್ಲಿ ಏನು ಕೆಲಸ, ಇಷ್ಟು ತಿಳಿದುಕೊಳ್ಳಿ. ಪಾಠಕ್ಕೆ ಒಂದೇ ಪ್ರಶ್ನೆ, ಕೇಳಿದ ಮೇಲೆ ಬೋರ್ಡ್ ಒರೆಸುತ್ತಾ ಐದು ಎಣಿಸಿ. ಕನ್ನಡದಲ್ಲಿ ಹೇಳಲಿ, ಅರ್ಧ ಹೇಳಲಿ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗನಿಗೆ ಉತ್ತರ ಗೊತ್ತಿದ್ದರೂ ಇಂಗ್ಲಿಷಿನಲ್ಲಿ ತಪ್ಪಿ ನಗೆಪಾಟಲಾಗುವ ಭಯ ಎಷ್ಟಿರುತ್ತದೆ ಅಂತ ನನಗೆ ಗೊತ್ತು, ನಾನೂ ಅದೇ ಬೆಂಚಿನವನು. "ಯಾರಾದರೂ ಹೇಳಿ" ಅಂತ 84 ಜನಕ್ಕೆ ಎಸೆದ ಪ್ರಶ್ನೆಯನ್ನು ಅವನು ಯಾವತ್ತೂ ಹಿಡಿಯುವುದಿಲ್ಲ.

ಐದನೇ ವಾರ ಅವರು ಫೋನ್ ಮಾಡಿದರು. ಮೂರನೇ ಬೆಂಚಿನ ಹುಡುಗನ ಮನೆಯಲ್ಲಿ ಪವರ್ ಟಿಲ್ಲರ್ ಇದೆ ಅಂತ ಗೊತ್ತಾಗಿತ್ತು. ಅವನ ಹೆಸರು ಹಿಡಿದು "ಅದನ್ನ ಈಗ ಮಾರಿದರೆ ಎಷ್ಟು ಬರುತ್ತೆ?" ಅಂತ ಕೇಳಿ ಬೋರ್ಡ್ ಒರೆಸಿದರಂತೆ. "ಮೊದಲ ವರ್ಷ ಜಾಸ್ತಿ ಇಳಿಯುತ್ತೆ ಮ್ಯಾಮ್, ಆಮೇಲೆ ಆಮೇಲೆ ಅಷ್ಟು ಇಳಿಯಲ್ಲ." ಇಳಿಕೆಯ ಶಿಲ್ಕು ಪದ್ಧತಿ ಅಂದರೆ ಇಷ್ಟೇ ತಾನೇ! ಒಂದು ಲಕ್ಷದ ಯಂತ್ರಕ್ಕೆ 10 ಪರ್ಸೆಂಟ್ ಸವಕಳಿ ಅಂದರೆ ಮೊದಲ ವರ್ಷ 10,000, ಎರಡನೇ ವರ್ಷ ಉಳಿದ 90,000ಕ್ಕೆ 9,000. ಆ ಹುಡುಗನನ್ನೇ ಬೋರ್ಡಿಗೆ ಕರೆದು ಬರೆಸಿದರಂತೆ. ಎರಡು ವರ್ಷದಿಂದ ಅದೇ ಲೆಕ್ಕವನ್ನು ನಾನೇ ಬರೆದು ನಾನೇ ಒರೆಸುತ್ತಿದ್ದೆ ಅಂದರು.

ಇದನ್ನು ಗೆಳೆಯರಲ್ಲಿ ಹೇಳಿದಾಗ ಒಬ್ಬರು ರೇಗಿದರು. ನೌಕರಿಯ ಅಭದ್ರತೆಗೆ ನೀವು ಹೆಸರು ಕಲೀರಿ ಅಂತ ಔಷಧಿ ಕೊಟ್ಟಿದ್ದೀರಿ, ಸರ್ಕಾರದ ತಪ್ಪನ್ನು ಆ ಹೆಣ್ಣುಮಗಳ ತಲೆಗೆ ಕಟ್ಟಿದ್ದೀರಿ ಅಂದರು. ಅರ್ಧ ಒಪ್ಪುತ್ತೇನೆ. 2023ರ ಕೊನೆಯಲ್ಲಿ ಕಾಯಂ ಮಾಡಿ ಅಂತ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಧರಣಿ ಕೂತದ್ದು ನ್ಯಾಯವೇ. ನನ್ನ ಕೋಣೆಯಲ್ಲಿ ಕೂತು ನಾನು ಯಾರನ್ನೂ ಕಾಯಂ ಮಾಡಲಾರೆ. ಆದರೆ ಹೆಸರು ಕಲಿಯದೆ ಇದ್ದು ಅವರೇನೂ ಆರಾಮಾಗಿರಲಿಲ್ಲ. ನಿದ್ದೆ ಬರದೆ ನನ್ನ ಹತ್ತಿರ ಬಂದದ್ದೇ ಆ ಜಾಗರೂಕತೆಯಿಂದ. ನೋವು ಬೇಡ ಅಂತ ಮುಚ್ಚಿದ ಬಾಗಿಲಲ್ಲಿ ಗಾಳಿಯೂ ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ತಪ್ಪಿದ್ದರೆ ತಪ್ಪು.

ಕೊನೆಯ ಭೇಟಿಯಲ್ಲಿ ಅವರು ಕೇಳಿದ್ದು ಒಂದೇ. "ಮುಂದಿನ ವರ್ಷ ನಾನು ಇರ್ತೀನೋ ಇಲ್ವೋ ಗೊತ್ತಿಲ್ಲ ಅಂತ ಹುಡುಗರಿಗೆ ಹೇಳ್ಲಾ ಸರ್?"

ಹೇಳಿ ಅಂದೆ. ಅವರು ಹೇಳಲಿಲ್ಲ. ಕೊನೆಯ ದಿನ ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಹೊರಗೆ ಬಂದರೆ ಬಸ್‌ಸ್ಟಾಪಿನಲ್ಲಿ ಆ ಮೂರನೇ ಬೆಂಚಿನವರೆಲ್ಲ ನಿಂತಿದ್ದರಂತೆ. ಯಾರು ಹೇಳಿದರೋ ಏನೋ.