ಬಳ್ಳಿಯ ರಕ್ತ ಮಗುವಿಗೇ ಇರಲಿ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಈಗ ಏಳು ತಿಂಗಳು. ಸ್ಕ್ಯಾನಿಂಗ್‌ಗೆ ಹೋದಾಗ ಹೊಕ್ಕುಳಬಳ್ಳಿ ರಕ್ತದ ಬ್ಯಾಂಕಿನವರು ಸಿಕ್ಕಿದ್ದರು. ಹೆರಿಗೆಯಾದ ಕೂಡಲೇ ಆ ರಕ್ತ ತೆಗೆದು ಮಗುವಿನ ಹೆಸರಲ್ಲಿ ಇಡುತ್ತಾರಂತೆ. ಮುಂದೆ 80 ಕಾಯಿಲೆಗೆ ಅದೇ ಮದ್ದಂತೆ. ಅಳಿಯ ಕಂತಿನಲ್ಲಿ ಕಟ್ಟಲು ತಯಾರು. ನನಗೇಕೋ ಅನುಮಾನ. ಬೇಡ ಅಂದರೆ ಮೊಮ್ಮಗುವಿಗೆ ಅನ್ಯಾಯ ಮಾಡಿದಂತಾಗುತ್ತದೆಯೇ?"

ಅನ್ಯಾಯವೇನೂ ಆಗುವುದಿಲ್ಲ, ಅಮ್ಮಾ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆದರೆ ನನಗೆ ಬರೆಯುವ ಮೊದಲು ಮಗಳ ಡಾಕ್ಟರನ್ನೇ ಕೇಳಬಹುದಿತ್ತು, ಅಲ್ವಾ? ಸಂತೆಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವ ನಾವು ಆಸ್ಪತ್ರೆಯಲ್ಲಿ ಮಾತ್ರ ತೆಪ್ಪಗಿರುತ್ತೇವೆ. ಈ ವ್ಯಾಪಾರ ಬೆಳೆದಿರುವುದೇ ಹಾಗೆ.

ವಿಜ್ಞಾನ ಸುಳ್ಳಲ್ಲ. ಆ ರಕ್ತದಲ್ಲಿ ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳಿವೆ. 1988ರಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ತಂಡ ಅದನ್ನು ಮೊದಲ ಸಲ ಒಬ್ಬ ಹುಡುಗನಿಗೆ ಕೊಟ್ಟಿತು. ಅವನಿಗೆ ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟುಕಾಯಿಲೆ ಇತ್ತು. ಹುಡುಗ ಉಳಿದ. ಆದರೆ ಕೊಟ್ಟದ್ದು ಅವನ ರಕ್ತವಲ್ಲ, ಆಗಷ್ಟೇ ಹುಟ್ಟಿದ ತಂಗಿಯದು! ಬಣ್ಣದ ಕರಪತ್ರಗಳಲ್ಲಿ ಈ ಮಾತು ಎದ್ದು ಕಾಣುವುದಿಲ್ಲ.

ಆ 80 ಕಾಯಿಲೆಗಳ ಪಟ್ಟಿಯ ಗುಟ್ಟೂ ಇದೇ. ಪಟ್ಟಿಯಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಬೇರೆಯವರ ಕೋಶ. ಮಗುವಿಗೆ ಥಲಸೀಮಿಯಾ, ಅಂದರೆ ರಕ್ತ ಸರಿಯಾಗಿ ಹುಟ್ಟದ ವಂಶದ ಕಾಯಿಲೆ, ಇದ್ದರೆ ಆ ದೋಷ ಅದರ ಹೊಕ್ಕುಳಬಳ್ಳಿಯ ರಕ್ತದಲ್ಲೂ ಇರುತ್ತದೆ. ಅದನ್ನೇ ಮರಳಿ ಕೊಟ್ಟು ಏನು ಪ್ರಯೋಜನ? ಮಕ್ಕಳ ರಕ್ತದ ಕ್ಯಾನ್ಸರಿನಲ್ಲೂ ಎಷ್ಟೋ ಸಲ ಕೇಡಿನ ಬೀಜ ಹುಟ್ಟುವಾಗಲೇ ಬಿದ್ದಿರುತ್ತದೆ. ಸ್ವಂತಕ್ಕೆ ಎಂದು ಇಟ್ಟ ರಕ್ತಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ನಮ್ಮ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಇದನ್ನು ಜೀವವಿಮೆ ಥರ ಮಾರಬಾರದು ಎಂದು ಮಕ್ಕಳ ವೈದ್ಯರ ಸಂಘ, ಅಂದರೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2018ರಲ್ಲಿ ಹೇಳಿತು. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ಇದನ್ನು ಯಾರು ಅಂಟಿಸುತ್ತಾರೆ ಹೇಳಿ?

ಮನೆಯಲ್ಲಿ ಈಗಾಗಲೇ ಥಲಸೀಮಿಯಾದಂಥ ಕಾಯಿಲೆ ಇರುವ ಮಗು ಇದ್ದರೆ ಮಾತು ಬೇರೆ. ಹೊಂದಾಣಿಕೆಯಾದರೆ ತಮ್ಮನದೋ ತಂಗಿಯದೋ ರಕ್ತ ಅದನ್ನು ಉಳಿಸಬಹುದು. ಅಂಥವರು ಖಂಡಿತ ಇಡಿಸಲಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದು ಸುಮ್ನಿರಬಹುದಿತ್ತು. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಮಗು ಹೊರಬಂದ ಮೇಲೂ ಬಳ್ಳಿ ಸ್ವಲ್ಪ ಹೊತ್ತು ಮಿಡಿಯುತ್ತಿರುತ್ತದೆ, ಮಾಸಿನಲ್ಲಿದ್ದ ರಕ್ತ ಮಗುವಿಗೆ ಹರಿಯುತ್ತದೆ. ಅದರ ಜೊತೆ ಹೋಗುವ ಕಬ್ಬಿಣದ ಅಂಶ ಮಗುವಿಗೆ ತಿಂಗಳುಗಟ್ಟಲೆ ಆಸರೆ. ಅದಕ್ಕೇ ಒಂದು ನಿಮಿಷವಾದರೂ ಕಳೆಯದೆ ಬಳ್ಳಿಗೆ ಕ್ಲಿಪ್ ಹಾಕಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾದಷ್ಟೂ ಬ್ಯಾಂಕಿನ ಚೀಲಕ್ಕೆ ಸಿಗುವುದು ಕಡಿಮೆ. ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಇಂಥ ದೇಶದಲ್ಲಿ ಹುಟ್ಟಿದ ಗಳಿಗೆಯಲ್ಲೇ ಮಗುವಿನ ಪಾಲಿನ ರಕ್ತ ಬಸಿದು, ಕಾಪಾಡಲು ಅದರಪ್ಪನಿಂದಲೇ ಕಂತು ಕಟ್ಟಿಸಿಕೊಳ್ಳುವುದು ಯಾವ ಸೀಮೆ ವ್ಯಾಪಾರ!

ಕಾಪಾಡುವುದಾದರೂ ಖಾತ್ರಿಯೇ? 2023ರ ನವೆಂಬರಿನಲ್ಲಿ ಸಿಂಗಪುರದ ಆರೋಗ್ಯ ಇಲಾಖೆ ಅಲ್ಲಿನ ಕಾರ್ಡ್‌ಲೈಫ್ ಬ್ಯಾಂಕನ್ನು ತಪಾಸಣೆ ಮಾಡಿದಾಗ ಏಳು ಟ್ಯಾಂಕುಗಳಲ್ಲಿ ತಂಪು ಕೆಟ್ಟಿದ್ದು ಗೊತ್ತಾಯಿತು. ಒಂದರಲ್ಲೇ ಸುಮಾರು 2,200 ಚೀಲ ಹಾಳು. ಸಿಂಗಪುರದಂಥ ಸಿಂಗಪುರದಲ್ಲಿ!

ನಮ್ಮ ನೆಂಟರ ಹುಡುಗಿಯೊಬ್ಬಳು ಇದಕ್ಕೆ ಸಹಿ ಹಾಕಿದ್ದು ಹೆರಿಗೆ ನೋವಿನ ನಡುವೆ. "ಇವತ್ತು ಬಿಟ್ಟರೆ ಮತ್ತೆ ಸಿಗಲ್ಲ" ಅಂದರಂತೆ. ಬಸುರಿಯ ಭಯಕ್ಕಿಂತ ಸುಲಭವಾಗಿ ಮಾರಾಟವಾಗುವ ಸರಕು ಇನ್ನೊಂದಿಲ್ಲ. ಮಗು ಹುಟ್ಟಿದ ಮೇಲೆ ಪುಡಿಹಾಲಿನವರು, ಮೂರು ತುಂಬುವಷ್ಟರಲ್ಲಿ ಇಂಟರ್‌ನ್ಯಾಷನಲ್ ಸ್ಕೂಲಿನವರು, ಆಮೇಲೆ ಕೋಚಿಂಗಿನವರು. ಎಲ್ಲರದೂ ಒಂದೇ ಪಲ್ಲವಿ: ನಿಮ್ಮ ಮಗುವಿಗಾಗಿ ಇಷ್ಟೂ ಮಾಡಲ್ವಾ?

ರಕ್ತ ನಾಲ್ಕು ಜನಕ್ಕೆ ಸಿಗುವ ಕಡೆ ಇದ್ದರೇನೇ ಬೆಲೆ. ನ್ಯೂಯಾರ್ಕ್ ಬ್ಲಡ್ ಸೆಂಟರ್ 1992ರಲ್ಲಿ ಶುರು ಮಾಡಿದ ಬ್ಯಾಂಕಿಗೆ ತಾಯಂದಿರು ಪುಕ್ಕಟೆ ದಾನ ಕೊಟ್ಟರು, ಹೊಂದಿದವರಿಗೆ ಅದು ಹೋಯಿತು. ನಮ್ಮಲ್ಲಿ ಖಾಸಗಿ ಲಾಕರುಗಳೇ ಜಾಸ್ತಿ. ನಿಮ್ಮ ಅಳಿಯನಿಗೆ ಏನಾದರೂ ಮಾಡಲೇಬೇಕು ಅನ್ನಿಸಿದರೆ ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ನಿನಲ್ಲೋ ಚೆನ್ನೈನ ದಾತ್ರಿಯಲ್ಲೋ ಕಾಂಡಕೋಶ ದಾನಿಯಾಗಿ ಹೆಸರು ಬರೆಸಲಿ. ಕೆನ್ನೆಯ ಒಳಗಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಯುತ್ತಾರೆ, ಅಷ್ಟೇ. ಆ ಕಂತಿನ ದುಡ್ಡು ಅಂಚೆ ಕಚೇರಿಗೆ ಹೋಗಲಿ. ಹೆಣ್ಣು ಮಗುವಾದರೆ ಸುಕನ್ಯಾ ಸಮೃದ್ಧಿ ಇದ್ದೇ ಇದೆ.

ಮುಂದಿನ ತಪಾಸಣೆಗೆ ನೀವೂ ಜೊತೆಗೆ ಹೋಗಿ. ಬಳ್ಳಿಗೆ ಕ್ಲಿಪ್ ಹಾಕುವ ಮೊದಲು ಎಷ್ಟು ಹೊತ್ತು ಕಾಯುತ್ತೀರಿ ಎಂದು ಡಾಕ್ಟರನ್ನು ಕೇಳಿ. ಏನಂದರು ಅಂತ ಒಂದು ಕಾರ್ಡ್ ಹಾಕಿ.

– ಸಂಪಾದಕ